ಆರೋಗ್ಯ ಇಲಾಖೆಯ ಪರ ನಿಲ್ಲುವ ವಕೀಲರಿಗೆ ಓದುಗರ ಪ್ರಶ್ನೆಗಳು

ಆಹಾರ ಕಲಬೆರಕೆ, ಕಳಪೆ ಔಷಧ, ಭ್ರೂಣಲಿಂಗ ಪತ್ತೆ, ತಂಬಾಕು ಮಾರಾಟ ಮುಂತಾದ ವಿಷಯಗಳಲ್ಲಿ ಸರ್ಕಾರ ಹೂಡುವ ಮೊಕದ್ದಮೆಗಳ ಬಗ್ಗೆ ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಸಹಾಯಕ ಅಭಿಯೋಜಕಿಯಾಗಿ ಸೇರಿ ಹಿರಿಯ ಸರ್ಕಾರಿ ಅಭಿಯೋಜಕಿಯಾಗಿ ನಿವೃತ್ತರಾದ, ವೃತ್ತಿಯ ಬಹುಪಾಲನ್ನು ಇಂತಹ ಪ್ರಕರಣಗಳಲ್ಲೇ ಕಳೆದ ನಮ್ಮ ಅಂಕಣಗಾರ್ತಿ ಉತ್ತರಿಸಿದ್ದಾರೆ. ಕೆಲವು ಪ್ರಶ್ನೆಗಳನ್ನು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಧಾರವಾಡದಲ್ಲಿ ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಆರೋಗ್ಯ ಕಾಯ್ದೆಗಳ ಮೊಕದ್ದಮೆ ನಡೆಸುವ ಸರ್ಕಾರಿ ವಕೀಲೆಯಾಗಬೇಕೆಂಬ ಆಸೆ. ಅಂತಹ ಹುದ್ದೆ ಇದೆಯೇ? ಏನು ಓದಬೇಕು?

ಉತ್ತರ: ಆ ಹೆಸರಿನ ಹುದ್ದೆಯನ್ನು ಹುಡುಕಿದರೆ ಸಿಗುವುದಿಲ್ಲ. ಕೆಲಸವೇನೋ ಬೇಕಾದಷ್ಟಿದೆ, ಆದರೆ ಹಲವು ಮೇಜುಗಳಿಗೆ ಹಂಚಿಹೋಗಿದೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರಿರುತ್ತಾರೆ. ಇವರು ಪರೀಕ್ಷೆ ಬರೆದು ಬರುವ ಸರ್ಕಾರಿ ನೌಕರರು, ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯವರು. ಸೆಷನ್ಸ್ ನ್ಯಾಯಾಲಯಕ್ಕೆ ಬಂದರೆ ಸರ್ಕಾರಿ ಅಭಿಯೋಜಕರು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ ಪ್ರಕಾರ ಅದಕ್ಕೆ ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು. ವಿಶೇಷ ಅಭಿಯೋಜಕರಾಗಲು 10 ವರ್ಷ. ಹೈಕೋರ್ಟಿನಲ್ಲಿ ಅಡ್ವೊಕೇಟ್ ಜನರಲ್ ಕಚೇರಿಯ ಅಡಿಯಲ್ಲಿ ಹೆಚ್ಚುವರಿ ಸರ್ಕಾರಿ ವಕೀಲರು, ಹೈಕೋರ್ಟ್ ಸರ್ಕಾರಿ ಪ್ಲೀಡರುಗಳು ಇರುತ್ತಾರೆ. ಈ ಕೊನೆಯವರನ್ನು ಸರ್ಕಾರವೇ ನೇಮಿಸುತ್ತದೆ. ಸರ್ಕಾರ ಬದಲಾದಾಗ ಹೆಸರುಗಳೂ ಬದಲಾಗುವುದುಂಟು. ಸರ್ಕಾರಿ ವಕೀಲರ ಆಯ್ಕೆ ಅರ್ಹತೆ ನೋಡಿ ಪಾರದರ್ಶಕವಾಗಿ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಅದಕ್ಕಿಂತ ಹೆಚ್ಚು ನಾನು ಇಲ್ಲಿ ಹೇಳುವುದಿಲ್ಲ.

ಹಿರಿತನ ಬಂದ ಮೇಲೆ ವಾದ ಮಾಡುವ ಹೊತ್ತು ಕಡಿಮೆಯಾಗುತ್ತದೆ, ಓದುವ ಹೊತ್ತು ಹೆಚ್ಚಾಗುತ್ತದೆ. ಯಾವ ದೂರನ್ನು ಹೂಡಬೇಕು, ಯಾವುದನ್ನು ವಾಪಸು ಕಳುಹಿಸಬೇಕು, ಖುಲಾಸೆಯಾದ ಪ್ರಕರಣಗಳಲ್ಲಿ ಯಾವುದಕ್ಕೆ ಮೇಲ್ಮನವಿ ಯೋಗ್ಯ ಎಂದು ಅಭಿಪ್ರಾಯ ಬರೆಯುವುದು, ಕಿರಿಯರ ಕರಡು ತಿದ್ದುವುದು, ಇನ್‌ಸ್ಪೆಕ್ಟರುಗಳನ್ನು ಕೂರಿಸಿಕೊಂಡು ಸಾಕ್ಷಿ ಹೇಳುವುದು ಹೇಗೆಂದು ಕಲಿಸುವುದು, ಇವೇ ದಿನದ ಮುಕ್ಕಾಲು ಪಾಲನ್ನು ತಿನ್ನುತ್ತವೆ. ನಾಟಕೀಯ ಪಾಟೀಸವಾಲಿನ ಕನಸಿದ್ದರೆ ಕೊಲೆ ಪ್ರಕರಣಗಳ ಕಡೆಗೆ ಹೋಗಿ.

ಏನು ಓದಬೇಕು ಎಂದರೆ, ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಹೇಗೂ ಓದುತ್ತೀರಿ. ಅದರ ಜೊತೆಗೆ ಆಹಾರ ಪ್ರಯೋಗಾಲಯದ ವರದಿಯೊಂದನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಅರ್ಥ ಮಾಡಿಕೊಳ್ಳಿ. ತುಪ್ಪದ ವರದಿಯಲ್ಲಿ ರೈಖರ್ಟ್-ಮೈಸಲ್ ಮೌಲ್ಯ ಎಂದಿರುತ್ತದೆ. ಅದು ಏನನ್ನು ಅಳೆಯುತ್ತದೆ, ಆ ಅಂಕ ಕಡಿಮೆ ಬಂದರೆ ಬೇರೆ ಕೊಬ್ಬು ಬೆರೆತಿರುವ ಅನುಮಾನ ಏಕೆ ಬರುತ್ತದೆ ಎಂಬುದನ್ನು ನ್ಯಾಯಾಧೀಶರಿಗೆ ನಾಲ್ಕು ವಾಕ್ಯದಲ್ಲಿ ಹೇಳಲು ಬರಬೇಕು. ಎದುರು ಪಕ್ಷದವರು ರಸಾಯನಶಾಸ್ತ್ರದ ಪ್ರಾಧ್ಯಾಪಕರನ್ನೇ ಕರೆತರುತ್ತಾರೆ. ನಮ್ಮ ಕಡೆ ನೀವೊಬ್ಬರೇ.

ಪ್ರಶ್ನೆ: ಗೋಬಿ ಮಂಚೂರಿಗೆ ಬಣ್ಣ ಹಾಕಿದರೆ ಜೀವಾವಧಿ ಶಿಕ್ಷೆ ಎಂದು 2024ರಲ್ಲಿ ಎಲ್ಲ ಕಡೆ ಸುದ್ದಿಯಾಯಿತು. ಈಗಲೂ ನಮ್ಮ ರಸ್ತೆಯ ಗಾಡಿಯಲ್ಲಿ ಗೋಬಿ ಕೆಂಪಾಗಿಯೇ ಇದೆ, ಮಾರುವವನು ಜೈಲಿಗೇನೂ ಹೋಗಿಲ್ಲ. ಇದು ಬರೀ ಬೆದರಿಕೆಯೇ? (ಗೃಹಿಣಿ, ದಾವಣಗೆರೆ)

ಉತ್ತರ: ಸುದ್ದಿಯ ಶೀರ್ಷಿಕೆಗೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 59ನೇ ಕಲಮಿಗೂ ಬಹಳ ಅಂತರವಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿದ್ದು ನಿಜ. ಆದರೆ ಕಾಯ್ದೆಯಲ್ಲಿ ಶಿಕ್ಷೆಯನ್ನು ತಿಂದವನಿಗೆ ಆದ ಹಾನಿಯ ಮೇಲೆ ಏರಿಸುತ್ತಾ ಹೋಗಿದ್ದಾರೆ. ಅಸುರಕ್ಷಿತ ಆಹಾರದಿಂದ ಯಾರಾದರೂ ಸತ್ತರೆ ಮಾತ್ರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ, ಕನಿಷ್ಠ 10 ಲಕ್ಷ ದಂಡ. ತೀವ್ರ ಹಾನಿಯಾದರೆ 6 ವರ್ಷದವರೆಗೆ. ಯಾರಿಗೂ ಏನೂ ಆಗದಿದ್ದರೆ ಮೊದಲು 6 ತಿಂಗಳವರೆಗೆ ಎಂದಿತ್ತು; 2023ರ ಜನ ವಿಶ್ವಾಸ ಕಾಯ್ದೆ ಅದನ್ನು 3 ತಿಂಗಳಿಗೆ ಇಳಿಸಿ, ದಂಡದ ಮಿತಿಯನ್ನು 1 ಲಕ್ಷದಿಂದ 3 ಲಕ್ಷಕ್ಕೆ ಏರಿಸಿತು.

ಅದೂ ಆಹಾರ ‘ಅಸುರಕ್ಷಿತ’ ಎಂದು ಸಾಬೀತಾದರೆ. ನನ್ನ ಮೇಜಿಗೆ ಇಂತಹ ಕಡತ ಬಂದರೆ ನಾನು ಮೊದಲು ಕೇಳುತ್ತಿದ್ದುದು ಯಾವ ಬಣ್ಣ ಎಂದು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಯಾವ ತಿನಿಸಿನಲ್ಲೂ ಅದಕ್ಕೆ ಜಾಗವಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ ಹಾಗಲ್ಲ, ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಅವಕ್ಕೆ ಅನುಮತಿಯಿದೆ. ಹಾಗಾಗಿ ವರದಿಯಲ್ಲಿ ‘ಕೃತಕ ಬಣ್ಣ ಕಂಡುಬಂದಿದೆ’ ಎಂದಷ್ಟೇ ಇದ್ದರೆ ಆ ವರದಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು.

ಆಹಾರ ಅಸುರಕ್ಷಿತವಲ್ಲ, ಬರೀ ಕಳಪೆ ಗುಣಮಟ್ಟದ್ದು ಎಂದು ಬಂದರೆ ಜೈಲಿನ ಮಾತೇ ಇಲ್ಲ. ಪ್ರಕರಣ ಅಪರ ಜಿಲ್ಲಾಧಿಕಾರಿಯವರ ಮುಂದೆ ಹೋಗುತ್ತದೆ. ಅವರು 5 ಲಕ್ಷದವರೆಗೆ ದಂಡ ವಿಧಿಸಬಹುದು, ಲೇಬಲ್ ತಪ್ಪಾಗಿದ್ದರೆ 3 ಲಕ್ಷದವರೆಗೆ. ಗಾಡಿಯವನ ಮಟ್ಟಿಗೆ ನನಗೆ ಈ ದಾರಿಯ ಮೇಲೇ ಹೆಚ್ಚು ನಂಬಿಕೆ. ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು ಕೊನೆಗೆ ಖುಲಾಸೆಯಾಗುವ ಮೊಕದ್ದಮೆಗಿಂತ, ಬೇಗನೆ ಬೀಳುವ ಕೆಲವು ಸಾವಿರದ ದಂಡ ಅವನ ಡಬ್ಬಿಯಿಂದ ಬಣ್ಣವನ್ನು ಬೇಗ ಹೊರಹಾಕುತ್ತದೆ. ಜೀವಾವಧಿ ಎಂದು ಕೂಗಿ ಹೆದರಿಸುವ ಪತ್ರಿಕಾಗೋಷ್ಠಿಗಳಿಂದ ನಮಗೆ ಉಪಕಾರವಾಗಿದ್ದು ಕಡಿಮೆ. ಕೂಗಿದ ಶಿಕ್ಷೆ ಸಿಗದಿದ್ದಾಗ ನೀವು ಕೇಳಿದಂತಹ ಪ್ರಶ್ನೆಯನ್ನು ಎಲ್ಲರೂ ನಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ: ನಾನು ಆಹಾರ ಸುರಕ್ಷತಾ ಅಧಿಕಾರಿ. ಹಾಲಿನ ಮಾದರಿ ಅಸುರಕ್ಷಿತ ಎಂದು ವರದಿ ಬಂದಿದೆ. ದೂರಿನ ಕರಡು ಕಳುಹಿಸಿದರೆ ನಮ್ಮ ವಕೀಲರು ಎರಡು ಬಾರಿ ಆಕ್ಷೇಪಣೆ ಬರೆದು ಕಡತ ಹಿಂದಿರುಗಿಸಿದ್ದಾರೆ. ಅಪರಾಧ ಕಣ್ಣಿಗೆ ಕಾಣುವಾಗ ಇವರಿಗೇನು ಅಡ್ಡಿ? ಆರೋಪಿಯ ಕಡೆ ಇದ್ದಾರೆಯೇ ಎಂಬ ಅನುಮಾನ. (ಹೆಸರು, ಜಿಲ್ಲೆ ಬೇಡ)

ಉತ್ತರ: ನಿಮ್ಮ ವಕೀಲರ ಪರಿಚಯ ನನಗಿಲ್ಲ, ಆದರೂ ಅವರ ಪರವಾಗಿಯೇ ಮಾತನಾಡುತ್ತೇನೆ. ಪತ್ರದೊಂದಿಗೆ ನೀವು ಕಳುಹಿಸಿದ ಆಕ್ಷೇಪಣೆಯ ಪ್ರತಿಯನ್ನು ಓದಿದೆ. ಅವರು ಕೇಳಿರುವುದೆಲ್ಲ ನಾಳೆ ಆರೋಪಿಯ ವಕೀಲರು ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುವಂಥದ್ದೇ.

ಹಾಲಿನಿಂದಲೇ ಶುರುಮಾಡೋಣ. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿದ ಮೇಲೆ ಮಾದರಿ ತೆಗೆದಿರೋ, ಮೇಲಿನ ಕೆನೆಯ ಭಾಗವನ್ನಷ್ಟೇ ತೆಗೆದಿರೋ? ಬಾಟಲಿ ಒಣಗಿತ್ತೇ? ಮಾದರಿ ಕೆಡದಂತೆ ಹಾಕುವ ಫಾರ್ಮಾಲಿನ್ ಎಷ್ಟು ಹಾಕಿದಿರಿ, ನಾಲ್ಕೂ ಭಾಗಗಳಿಗೆ ಹಾಕಿದಿರೋ, ಪ್ರಯೋಗಾಲಯಕ್ಕೆ ಹೋಗುವ ಒಂದಕ್ಕೆ ಮಾತ್ರವೋ? ಆಹಾರ ಸುರಕ್ಷತಾ ಕಾಯ್ದೆಯ 47ನೇ ಕಲಂ ಮಾದರಿಯನ್ನು ಅಲ್ಲೇ, ಆಗಲೇ ನಾಲ್ಕು ಭಾಗ ಮಾಡಿ, ಮೊಹರು ಹಾಕಿ, ಮಾರಾಟಗಾರನ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ ಎನ್ನುತ್ತದೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ನಿಮ್ಮ ಮೇಲಧಿಕಾರಿಯಾದ ಅಂಕಿತಾಧಿಕಾರಿಯವರ ಸುಪರ್ದಿಗೆ, ಉಳಿದ ಒಂದು, ಮಾರಾಟಗಾರ ಕೇಳಿದರೆ, ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ. ಕೇಳಬಹುದು ಎಂಬ ಸಂಗತಿಯನ್ನು ಅವನಿಗೆ ತಿಳಿಸಿದ್ದೀರಾ? ನಿಮ್ಮ ಮಹಜರಿನಲ್ಲಿ ಆ ಬಗ್ಗೆ ಒಂದು ಅಕ್ಷರವೂ ಇಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಂದ ಒಂದು ಕಡತ ಇನ್ನೂ ನೆನಪಿದೆ. ಮಹಜರು ಬೆಳಗಿನ ಹೊತ್ತಿನದು, ಮಾದರಿಗೆ ಹಣ ಕೊಟ್ಟ ರಸೀದಿ ಮರುದಿನದ್ದು, ಪಂಚರಿಬ್ಬರಲ್ಲಿ ಒಬ್ಬ ಇಲಾಖೆಯ ಜೀಪಿನ ಚಾಲಕ, ಇನ್ನೊಬ್ಬ ಕಚೇರಿಯ ಜವಾನ. ಎಣ್ಣೆಯಲ್ಲಿ ಕಲಬೆರಕೆ ಇದ್ದುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಆ ಮೂರು ಕಾಗದಗಳನ್ನು ಎದುರಿಟ್ಟುಕೊಂಡು ಎಣ್ಣೆಯ ಮಾತನ್ನೇ ಎತ್ತದೆ ಆರೋಪಿಯ ವಕೀಲರು ಮಧ್ಯಾಹ್ನದ ಊಟಕ್ಕೆ ಮೊದಲೇ ಪ್ರಕರಣವನ್ನು ಮುಗಿಸಿಬಿಟ್ಟರು.

ಎರಡನೆಯದು ಕಾಲ. ವಿಶ್ಲೇಷಕರು ಮಾದರಿ ಬಂದ 14 ದಿನದೊಳಗೆ ವರದಿ ಕೊಡಬೇಕು. ವರದಿಯ ಪ್ರತಿ ತಲುಪಿದ 30 ದಿನದೊಳಗೆ ಆರೋಪಿ ಅಂಕಿತಾಧಿಕಾರಿಯವರಿಗೆ ಮೇಲ್ಮನವಿ ಸಲ್ಲಿಸಬಹುದು, ಆಗ ಮಾದರಿಯ ಇನ್ನೊಂದು ಭಾಗ ಮರುಪರೀಕ್ಷೆಗೆ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಂತಹ ಒಂದು ಪ್ರಯೋಗಾಲಯ. ನಿಮ್ಮ ಪ್ರಕರಣದಲ್ಲಿ ವರದಿಯ ಪ್ರತಿಯನ್ನು ಹಳೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ, ಅದು ಹಿಂದಿರುಗಿ ಬಂದ ಮೇಲೆ ಸುಮ್ಮನಿದ್ದೀರಿ. ಆರೋಪಿಗೆ ಎರಡನೇ ಪರೀಕ್ಷೆ ಕೇಳುವ ಹಕ್ಕು ಹೀಗೆ ಕೈತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು 1967ರ ದೆಹಲಿ ಮಹಾನಗರಪಾಲಿಕೆ ಮತ್ತು ಘೀಸಾ ರಾಮ್ ಪ್ರಕರಣವನ್ನು ಓದಿ. ಅಲ್ಲಿದ್ದುದು ಮೊಸರು. ಮೊಕದ್ದಮೆ ಹೂಡುವುದು ತಡವಾಗಿ, ಆರೋಪಿ ಮರುಪರೀಕ್ಷೆ ಕೇಳುವ ಹೊತ್ತಿಗೆ ಮೊಸರು ಪರೀಕ್ಷೆಗೇ ಬಾರದಷ್ಟು ಕೆಟ್ಟಿತ್ತು. ಸುಪ್ರೀಂ ಕೋರ್ಟ್ ಆರೋಪಿಯ ಪರ ತೀರ್ಪು ಕೊಟ್ಟಿತು. ಅದು ಹಳೆಯ ಕಲಬೆರಕೆ ತಡೆ ಕಾಯ್ದೆಯ ಕಾಲದ ತೀರ್ಪು. ಕಾಯ್ದೆ ಹೋಯಿತು, ತೀರ್ಪು ಇಂದಿಗೂ ಪ್ರತಿಯೊಬ್ಬ ಆರೋಪಿಯ ವಕೀಲರ ಕೈಚೀಲದಲ್ಲಿದೆ.

ಇನ್ನು 77ನೇ ಕಲಂ. ಅಪರಾಧ ನಡೆದ ಒಂದು ವರ್ಷದೊಳಗೆ ನ್ಯಾಯಾಲಯಕ್ಕೆ ಬರಬೇಕು. ಕಾರಣಗಳನ್ನು ಬರೆದು ಆಹಾರ ಸುರಕ್ಷತಾ ಆಯುಕ್ತರು ಅದನ್ನು 3 ವರ್ಷದವರೆಗೆ ವಿಸ್ತರಿಸಬಹುದು. ‘ಬರೆದು’ ಎಂದರೆ ಆ ಪ್ರಕರಣದ ಕಾರಣವನ್ನು ಬರೆದು. ನಿಮ್ಮ ಕಡತದಲ್ಲಿರುವ ಮಂಜೂರಾತಿ ಆದೇಶದಲ್ಲಿ ಒಂದು ಕಡೆ ಹಾಲಿನ ಬದಲು ‘ಸದರಿ ಬೇಳೆ’ ಎಂದಿದೆ. ಬೇರೊಂದು ಪ್ರಕರಣದ ಆದೇಶವನ್ನು ನಕಲು ಮಾಡಿ ದಿನಾಂಕ ಬದಲಿಸಿದ್ದಾರೆ ಎಂದು ಹೇಳಲು ಎದುರು ವಕೀಲರಿಗೆ ಇನ್ನೇನು ಬೇಕು? ಆಯುಕ್ತರು ಮನಸ್ಸಿಟ್ಟು ಓದಿಲ್ಲ ಎಂದು ತೋರಿಸಿದರೆ ಮಂಜೂರಾತಿಯ ಬುಡವೇ ಅಲುಗಾಡುತ್ತದೆ.

ಕಡತ ವಾಪಸು ಮಾಡುವ ವಕೀಲರನ್ನು ಅನುಮಾನಿಸಬೇಡಿ. ಏನೂ ಕೇಳದೆ ಸಹಿ ಹಾಕುವವರನ್ನು ಅನುಮಾನಿಸಿ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವ ದಾಹ ಸರ್ಕಾರಿ ಅಭಿಯೋಜಕರಿಗೆ ಇರಕೂಡದು ಎಂದು ಸುಪ್ರೀಂ ಕೋರ್ಟ್ 1999ರ ಶಿವಕುಮಾರ್ ಮತ್ತು ಹುಕಂ ಚಂದ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಮಾದರಿಯ ದಿನಾಂಕ ನೋಡಿದರೆ ಒಂದು ವರ್ಷ ತುಂಬಲು ಹೆಚ್ಚು ಸಮಯವಿಲ್ಲ. ಈ ಅಂಕಣ ಅಚ್ಚಾಗುವುದನ್ನು ಕಾಯದೆ ಅವರನ್ನು ಹೋಗಿ ಕಾಣಿ. ಈ ಉತ್ತರದ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಮೊದಲೇ ಕಳುಹಿಸಿದ್ದೇನೆ.

ಪ್ರಶ್ನೆ: ನಾನು ಸ್ತ್ರೀರೋಗ ತಜ್ಞೆ. ಸ್ಕ್ಯಾನಿಂಗ್‌ನ ಫಾರಂ ಎಫ್‌ನಲ್ಲಿ ಒಂದು ಅಂಕಣ ಖಾಲಿ ಬಿಟ್ಟರೂ ಭ್ರೂಣಹತ್ಯೆ ಮಾಡಿದವರಂತೆ ನಮ್ಮನ್ನು ನ್ಯಾಯಾಲಯಕ್ಕೆ ಎಳೆಯುತ್ತೀರಿ. ಗುಮಾಸ್ತೆಯ ತಪ್ಪಿಗೆ ವೈದ್ಯೆಗೆ ಜೈಲೇ?

ಉತ್ತರ: ನಿಮ್ಮ ಸಿಟ್ಟನ್ನು ವೈದ್ಯರ ಸಂಘಟನೆಯೇ ಸುಪ್ರೀಂ ಕೋರ್ಟಿಗೆ ಕೊಂಡೊಯ್ದಿತ್ತು. ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ಹೂಡಿದ್ದ ಆ ಪ್ರಕರಣದಲ್ಲಿ 2019ರ ಮೇ 3ರಂದು ತೀರ್ಪು ಬಂತು. ದಾಖಲೆ ಇಡದಿರುವುದು ಬರೀ ಗುಮಾಸ್ತಿಕೆಯ ಲೋಪವಲ್ಲ, ಆ ದಾಖಲೆಯೇ ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ಜೀವಾಳ ಎಂಬ ನಿಲುವನ್ನು ನ್ಯಾಯಾಲಯ ತಳೆಯಿತು. 1994ರ ಈ ಕಾಯ್ದೆಯ 4ನೇ ಕಲಂ, ದಾಖಲೆಯಲ್ಲಿ ಕೊರತೆ ಇದ್ದರೆ ಅದನ್ನು ಉಲ್ಲಂಘನೆ ಎಂದೇ ಎಣಿಸಿ, ಹಾಗಲ್ಲ ಎಂದು ತೋರಿಸುವ ಹೊಣೆಯನ್ನು ಸ್ಕ್ಯಾನ್ ಮಾಡಿದವರ ಮೇಲೆ ಹಾಕುತ್ತದೆ. ಮೊದಲ ಅಪರಾಧಕ್ಕೆ 3 ವರ್ಷದವರೆಗೆ ಸೆರೆವಾಸ. ಅದಕ್ಕಿಂತ ಮುಂಚೆಯೇ, ದೋಷಾರೋಪ ನಿಗದಿಯಾದ ಕೂಡಲೇ, ನೋಂದಣಿ ಅಮಾನತಿಗೆ ವೈದ್ಯಕೀಯ ಪರಿಷತ್ತಿಗೆ ಹೆಸರು ಹೋಗುತ್ತದೆ. ವೈದ್ಯರಿಗೆ ನಿಜವಾಗಿ ನೋಯುವುದು ಅಲ್ಲಿ.

ಇದು ಕಠಿಣವೇ? ಹೌದು. ಆದರೆ ಈ ಅಪರಾಧಕ್ಕೆ ದೂರುವವರು ಯಾರಿದ್ದಾರೆ ಹೇಳಿ. ಗರ್ಭಿಣಿ ಹೇಳುವುದಿಲ್ಲ, ಗಂಡನ ಮನೆಯವರು ಹೇಳುವುದಿಲ್ಲ, ಸ್ಕ್ಯಾನ್ ಮಾಡಿದವರು ಹೇಳುವುದಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ನಡೆಯುತ್ತಿದ್ದ ಲಿಂಗ ಪತ್ತೆಯ ಜಾಲವನ್ನು ಪೊಲೀಸರು ಭೇದಿಸಿದಾಗ ರಾಜ್ಯವೇ ಬೆಚ್ಚಿತು. ಆಲೆಮನೆಯಲ್ಲಿ ಫಾರಂ ಎಫ್ ತುಂಬುವವರಿಲ್ಲ. ಹಾಗೆಂದೇ, ನೋಂದಾಯಿತ ಯಂತ್ರಗಳ ಲೆಕ್ಕ ಪಕ್ಕಾ ಇದ್ದರೆ ಮಾತ್ರ ಲೆಕ್ಕಕ್ಕೆ ಸಿಗದ ಯಂತ್ರ ಕಣ್ಣಿಗೆ ಬೀಳುತ್ತದೆ.

ನಿಮ್ಮ ಕಡೆಗೂ ಒಂದು ಮಾತು. ನಮ್ಮವರು ಅವಸರ ಮಾಡಿ ಕೆಡಿಸಿದ ದಾಳಿಗಳನ್ನು ಕಂಡಿದ್ದೇನೆ. 2024ರಲ್ಲಿ ಹರಿಯಾಣದ ರವೀಂದರ್ ಕುಮಾರ್ ಪ್ರಕರಣದಲ್ಲಿ, ಈ ಕಾಯ್ದೆಯನ್ನು ಜಾರಿ ಮಾಡುವ ಮೂವರು ಸದಸ್ಯರ ಸಕ್ಷಮ ಪ್ರಾಧಿಕಾರದ ಪರವಾಗಿ ಒಬ್ಬರೇ ಶೋಧಕ್ಕೆ ಆದೇಶಿಸಿದ್ದರು ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ ಶೋಧವನ್ನೇ ಕಾನೂನುಬಾಹಿರ ಎಂದಿತು. ನ್ಯಾಯಾಲಯ ಈ ಅಪರಾಧವನ್ನು ಕೈಗೆತ್ತಿಕೊಳ್ಳುವುದೂ ಆ ಪ್ರಾಧಿಕಾರದ ದೂರಿನ ಮೇಲೆ, ಇಲ್ಲವೇ ಪ್ರಾಧಿಕಾರಕ್ಕೆ ಮೊದಲು 15 ದಿನದ ನೋಟಿಸ್ ಕೊಟ್ಟವರ ದೂರಿನ ಮೇಲೆ. ಪೊಲೀಸರ ದೋಷಾರೋಪ ಪಟ್ಟಿಯೊಂದರಿಂದಲೇ ಕೆಲಸ ಆಗದು. ದೂರಿನ ಪ್ರಕರಣವಾದ್ದರಿಂದ ದೋಷಾರೋಪಕ್ಕೆ ಮೊದಲೇ ಸಾಕ್ಷ್ಯ ಕೊಡಬೇಕು, ಆಮೇಲೆ ಅದೇ ಸಾಕ್ಷಿಗಳು ಮತ್ತೆ ಬರಬೇಕು. ನಡುವೆ ಅಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗವಾಗಿರುತ್ತದೆ, ವಾಯಿದೆಗಳ ಮೇಲೆ ವಾಯಿದೆ.

ಗುಮಾಸ್ತೆಯ ವಿಷಯಕ್ಕೆ ಬಂದರೆ, ಫಾರಂನ ಕೆಳಗೆ ಸಹಿ ಯಾರದ್ದು, ಡಾಕ್ಟರೇ?

ಪ್ರಶ್ನೆ: ಶಾಲೆಯ ಹತ್ತಿರ ಸಿಗರೇಟು ಮಾರಿದನೆಂದು ಬೀಡಾ ಅಂಗಡಿಯವನಿಗೆ ದಂಡ ಹಾಕುತ್ತೀರಿ. ಅದನ್ನು ತಯಾರಿಸುವ ಕಂಪನಿಗಳ ಎದುರು ಸರ್ಕಾರಿ ವಕೀಲರ ಬಾಯಿ ಏಕೆ ಬಿದ್ದುಹೋಗುತ್ತದೆ? (ನಿವೃತ್ತ ಶಿಕ್ಷಕರು, ಹಾಸನ)

ಉತ್ತರ: ಮೇಷ್ಟ್ರೇ, ಬಾಯಿ ಬಿದ್ದುಹೋಗುವುದಿಲ್ಲ, ಅಖಾಡ ಬದಲಾಗುತ್ತದೆ. ಬೀಡಾ ಅಂಗಡಿಯವನು ನನ್ನೆದುರು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಬರುತ್ತಾನೆ. ಕಂಪನಿ ನಿಯಮವನ್ನೇ ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತದೆ.

ಸಿಗರೇಟು ಪೊಟ್ಟಣದ 85 ಶೇಕಡಾ ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ 2014ರ ಕೇಂದ್ರದ ನಿಯಮವನ್ನೇ ನೋಡಿ. ದೇಶದ ಬೇರೆ ಬೇರೆ ಕಡೆ ಅದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳುಹಿಸಿತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮಗಳನ್ನು ರದ್ದುಪಡಿಸಿತು. ಮರುತಿಂಗಳೇ, 2018ರ ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ನಿಮ್ಮ ಹಾಸನದ ಅಂಗಡಿಯ ಪೊಟ್ಟಣದ ಮೇಲೆ ಇಂದಿಗೂ ದೊಡ್ಡ ಚಿತ್ರ ಇರುವುದರ ಹಿಂದೆ ಇಷ್ಟು ಓಡಾಟವಿದೆ. ರಾಜ್ಯದ ವಕೀಲರೂ ಇಂತಹ ಕಡೆ ಗೆದ್ದಿದ್ದಾರೆ. ಹುಕ್ಕಾ ನಿಷೇಧಿಸಿದ 2024ರ ಫೆಬ್ರವರಿಯ ಅಧಿಸೂಚನೆಯನ್ನು ಪ್ರಶ್ನಿಸಿದಾಗ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನು ಎತ್ತಿಹಿಡಿಯಿತು.

ಸೋತದ್ದನ್ನೂ ಹೇಳಬೇಕಲ್ಲ. 2015ರ ಜೂನ್ 5ರಂದು ಕೇಂದ್ರದ ಆಹಾರ ಪ್ರಾಧಿಕಾರ ಮ್ಯಾಗಿ ನೂಡಲ್ಸ್ ಮಾರಾಟವನ್ನು ನಿಲ್ಲಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಕಂಪನಿಯ ಮಾತನ್ನು ಸರಿಯಾಗಿ ಕೇಳಿರಲಿಲ್ಲ ಎಂಬುದು ಒಂದು ಕಾರಣ, ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ ಕಾಯ್ದೆ ಬಯಸುವ ಮಾನ್ಯತೆ ಇರಲಿಲ್ಲ ಎಂಬುದು ಇನ್ನೊಂದು. ನೂಡಲ್ಸ್‌ನಲ್ಲಿ ಸೀಸ ಎಷ್ಟಿತ್ತು ಎಂಬ ಮೂಲ ಪ್ರಶ್ನೆ ಪಕ್ಕಕ್ಕೆ ಸರಿದು, ಮಾನ್ಯತೆ ಇರುವ ಮೂರು ಪ್ರಯೋಗಾಲಯಗಳಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿ ಎಂಬ ಸೂಚನೆ ಬಂತು. ಮೇಲೆ ಹಾಲಿನ ಅಧಿಕಾರಿಗೆ ನಾನು ಬೈದದ್ದು ಸಣ್ಣ ವಿಷಯಕ್ಕೆ ಎನಿಸಿದವರು ಇದನ್ನು ನೋಡಲಿ.

ಬೀಡಾ ಅಂಗಡಿಯವನ ಬಗ್ಗೆ ನಿಮಗಿರುವ ಕನಿಕರ ನನಗೂ ಇದೆ, ಒಂದು ಮಿತಿಯವರೆಗೆ. 2003ರ ತಂಬಾಕು ನಿಯಂತ್ರಣ ಕಾಯ್ದೆ ಮಾರಾಟ ನಿಷೇಧಿಸಿದ್ದ 100 ಗಜವನ್ನು ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ ಅಳೆಯಬೇಕಿತ್ತು. ಟೇಪು ಹಿಡಿಯದೆ ‘ಸುಮಾರು’ ಎಂದು ಬರೆದ ಪ್ರಕರಣಗಳಲ್ಲಿ ನಾನು ವಾದಿಸಲು ಎದ್ದೇ ನಿಲ್ಲುತ್ತಿರಲಿಲ್ಲ. ಆಗ ದಂಡ 200 ರೂಪಾಯಿ, ಅವನಿಗೆ ಅದು ಅರ್ಧ ದಿನದ ವ್ಯಾಪಾರದ ಲಾಭವೂ ಅಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದನ್ನು 1,000ಕ್ಕೆ ಏರಿಸಿ, ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21 ಮಾಡಿದೆ. ಅಂಗಡಿಯವನು ಇನ್ನು ಹುಡುಗರ ಗುರುತಿನ ಚೀಟಿ ಕೇಳಬೇಕು. ಕೇಳುತ್ತಾನೋ ಇಲ್ಲವೋ, ನೀವು ಎದುರು ಬೆಂಚಿನಲ್ಲಿ ಕೂತು ನೋಡಬಲ್ಲಿರಿ.

ಪ್ರಶ್ನೆ: 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಇಂತಹ ಪ್ರಕರಣಗಳಲ್ಲಿ ಪೊಲೀಸರು ಎಫ್‌ಐಆರ್ ಹಾಕಿ ತಯಾರಕರನ್ನು ನೇರವಾಗಿ ಹಿಡಿಯಬಾರದೇಕೆ?

ಉತ್ತರ: ಆ ಪ್ರಕರಣದ ತಪ್ಪು ಒಪ್ಪುಗಳ ಬಗ್ಗೆ ಬರೆಯುವುದಿಲ್ಲ. ಕಾನೂನಿನ ದಾರಿಯನ್ನು ಮಾತ್ರ ಹೇಳುತ್ತೇನೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 4ನೇ ಅಧ್ಯಾಯದ ಅಪರಾಧಗಳಿಗೆ ಪೊಲೀಸರು ಎಫ್‌ಐಆರ್ ದಾಖಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಹೇಳಿದೆ. ದೂರು ಹೂಡಬೇಕಾದವರು ಮುಖ್ಯವಾಗಿ ಔಷಧ ಇನ್‌ಸ್ಪೆಕ್ಟರು. ಅಪರೂಪಕ್ಕೆ ಬಾಧಿತರು ಅಥವಾ ಗ್ರಾಹಕರ ಸಂಘವೂ ಹೂಡಬಹುದು. ವಿಚಾರಣೆ ನಡೆಯುವುದು ಸೆಷನ್ಸ್ ನ್ಯಾಯಾಲಯದಲ್ಲಿ.

ಇಲ್ಲೂ ಗಡಿಯಾರವೇ ಎದುರಾಳಿ. ಸರ್ಕಾರಿ ವಿಶ್ಲೇಷಕರ ವರದಿ ಸಿಕ್ಕ 28 ದಿನದೊಳಗೆ ಆರೋಪಿ ಅದನ್ನು ಪ್ರಶ್ನಿಸುವುದಾಗಿ ತಿಳಿಸಿದರೆ ಮಾದರಿಯ ಒಂದು ಭಾಗ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗಬಹುದು, ಅಲ್ಲಿನ ವರದಿಯೇ ಅಂತಿಮ. ಔಷಧಕ್ಕೆ ಅವಧಿ ಮುಗಿಯುವ ದಿನ ಅಂತ ಒಂದಿದೆಯಲ್ಲ? 2008ರ ಮೆಡಿಕಾಮೆನ್ ಬಯೋಟೆಕ್ ಪ್ರಕರಣದಲ್ಲಿ ದೂರು ಬಂದದ್ದೇ ಔಷಧದ ಅವಧಿ ಮುಗಿಯುವ ಹೊಸ್ತಿಲಲ್ಲಿ. ಮರುಪರೀಕ್ಷೆಯ ಹಕ್ಕು ಅರ್ಥ ಕಳೆದುಕೊಂಡಿತು ಎಂದು ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನೇ ರದ್ದು ಮಾಡಿತು. ಆದ್ದರಿಂದ ಔಷಧದ ಕಡತ ಕೈಗೆ ಬಂದರೆ ನಾನು ಮೊದಲು ನೋಡುತ್ತಿದ್ದುದು ಆರೋಪಿಯ ಹೆಸರನ್ನಲ್ಲ, ಲೇಬಲ್ಲಿನ ಮೇಲಿನ ತಿಂಗಳು ಮತ್ತು ವರ್ಷವನ್ನು. ಮೂರು ತಿಂಗಳೊಳಗೆ ಮುಗಿಯುವುದಿದ್ದರೆ ಕಡತಕ್ಕೆ ಕೆಂಪು ಚೀಟಿ ಅಂಟಿಸಿ ಅದೇ ದಿನ ಇನ್‌ಸ್ಪೆಕ್ಟರನ್ನು ಕರೆಸುತ್ತಿದ್ದೆ. ಗುಮಾಸ್ತರು ಹಿಂದಿನಿಂದ ನಗುತ್ತಿದ್ದರು. ನಗಲಿ.

ಪ್ರಶ್ನೆ: ರಾಜಕಾರಣಿಗಳಿಂದ, ದೊಡ್ಡವರಿಂದ ಒತ್ತಡ ಬರುತ್ತಿತ್ತೇ?

ಉತ್ತರ: ದೂರವಾಣಿ ಕರೆಗಳು ಬರುತ್ತಿದ್ದವು. ಹೇಳಬೇಕಾದ್ದನ್ನು ಕಡತದಲ್ಲಿ ಬರೆದು ಕಳುಹಿಸಿ ಎನ್ನುತ್ತಿದ್ದೆ. ಯಾರೂ ಬರೆದು ಕಳುಹಿಸಲಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಅರಿಶಿನ ಪುಡಿಯ ಮೇಲೆ ಅನುಮಾನವಿದೆ. ಅಧಿಕಾರಿಗಳನ್ನು ಕಾಯದೆ ನಾವೇ ಪರೀಕ್ಷೆ ಮಾಡಿಸಬಹುದೇ? ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? (ಓದುಗರು, ಶಿರಸಿ)

ಉತ್ತರ: ಮಾಡಿಸಬಹುದು. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಸಾಮಾನ್ಯ ಖರೀದಿದಾರರಿಗೆ ಈ ಹಕ್ಕನ್ನು ಕೊಟ್ಟಿದೆ, ಬಳಸುವವರು ಬಹಳ ವಿರಳ. ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸು ಬರುತ್ತದೆ, ಜೊತೆಗೆ ವಿಶ್ಲೇಷಕರು ವರದಿಯನ್ನು ಅಂಕಿತಾಧಿಕಾರಿಗೆ ಕಳುಹಿಸಲೇಬೇಕು, ಅಲ್ಲಿಂದ ಮುಂದೆ ಮೊಕದ್ದಮೆಯ ದಾರಿ.

ಆದರೆ ಈಗಾಗಲೇ ಅಡುಗೆಮನೆಯ ಡಬ್ಬಿಗೆ ಸುರಿದುಕೊಂಡಿರುವ ಅರಿಶಿನ ಇದಕ್ಕೆ ಬರುವುದಿಲ್ಲ. ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು ಎಂಬ ಷರತ್ತಿದೆ. ಆದ್ದರಿಂದ ಅದೇ ತಯಾರಿಕೆಯ, ಅದೇ ಬ್ಯಾಚಿನ, ಒಡೆಯದ ಪೊಟ್ಟಣವನ್ನು ಮತ್ತೆ ಕೊಳ್ಳಿ, ಇಬ್ಬರ ಎದುರು ಅವನಿಗೆ ಹೇಳಿ, ಬಿಲ್ಲಿನ ಮೇಲೆ ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ. ಅವನು ಬರೆದುಕೊಡಲು ನಿರಾಕರಿಸಿದರೆ ಪೊಟ್ಟಣ ಕೊಳ್ಳುವ ಶ್ರಮ ಬೇಡ, ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಅವನ ಅಂಗಡಿಯ ವಿಳಾಸವನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.